ನಿದ್ದೆಗೆಡುವುದು ಹಿರಿಮೆಯೇ?

ನಮ್ಮ ಪುರಾಣಗಳಲ್ಲಿ ನಿದ್ರೆಗೆ ದೊರೆತಿರುವ ಮರ್ಯಾದೆ ಬಹಳ ಕಡಮೆ. ನಿದ್ರೆಯನ್ನು ಗೆದ್ದವನೆಂದು ಅರ್ಜುನನಿಗೆ ಗುಡಾಕೇಶನೆಂಬ ಬಿರುದು. ಅಣ್ಣನಿಗೂ ಅತ್ತಿಗೆಗೂ ಕಾವಲಾಗಿ ಹದಿನಾಲ್ಕು ವರ್ಷ ಕಣ್ಣು ಮುಚ್ಚದೆ ಇದ್ದನೆಂದು ಲಕ್ಷ್ಮಣನಿಗೆ ಕೀರ್ತಿ. ಆರು ತಿಂಗಳು ಮಲಗಿದ ಕುಂಭಕರ್ಣನ ಪಾಲಿಗೆ ಮಾತ್ರ ನಗೆ. ಅವನು ಬ್ರಹ್ಮನಲ್ಲಿ ಬೇರೇನನ್ನೋ ಬೇಡಹೋಗಿ, ನಾಲಗೆ ತೊಡರಿ ನಿದ್ರೆಯನ್ನು ಬೇಡಿದನೆಂಬ ಕಥೆಯನ್ನು ನಾವೇ ಹೇಳುತ್ತೇವೆ. ಆದರೂ ಅವನನ್ನು ಕ್ಷಮಿಸಿಲ್ಲ. ತರಗತಿಯಲ್ಲಿ ಒಬ್ಬ ಹುಡುಗನು ತೂಕಡಿಸಿದನೆಂದರೆ ಸುತ್ತಲಿನವರು ಅವನಿಗೆ ಇಡುವ ಹೆಸರು ಇಂದಿಗೂ ಅದೇ.

ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ಈ ಪಕ್ಷಪಾತವು ನಮ್ಮ ಮನೆಗಳಲ್ಲಿ ಹೊಸ ರೂಪ ತಾಳುತ್ತದೆ. "ನನ್ನ ಮಗ ರಾತ್ರಿ ಎರಡರ ತನಕ ಓದುತ್ತಾನೆ, ಸರ್" ಎಂದು ಹೇಳುವ ತಂದೆಯ ಮುಖದಲ್ಲಿ ಒಂದು ಬೆಳಕು ಕಾಣುತ್ತದೆ. "ಇವನು ಒಂಬತ್ತೂವರೆಗೇ ಮಲಗಿಬಿಡುತ್ತಾನೆ" ಎನ್ನುವ ತಾಯಿಯಾದರೋ ಅದನ್ನು ಮಗನ ಮೇಲಿನ ದೂರಿನಂತೆ ಹೇಳುತ್ತಾಳೆ. ವಿದ್ಯಾರ್ಥಿಗಳೇ, ನಾನು ಆ ಒಂಬತ್ತೂವರೆಯ ಹುಡುಗನ ಪಕ್ಷದವನು. ನಿದ್ದೆಗೆಟ್ಟು ಓದುವುದರಲ್ಲಿ ಹಿರಿಮೆಯೇನೂ ಇಲ್ಲ. ಅದು ಓದಿದ್ದನ್ನು ತಾನೇ ಕೆಡಿಸಿಕೊಳ್ಳುವ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಷ್ಟೇ ಅಲ್ಲ, ಹೀಗೆ ಬೇಕೆಂದು ನಿದ್ದೆಗೆಡುವವರಲ್ಲಿ ಕೆಲವರು ಕಾಲಕ್ರಮದಲ್ಲಿ ಬೇಕೆಂದರೂ ನಿದ್ದೆ ಬಾರದವರಾಗುತ್ತಾರೆ. ಅಂಥವರು ನಮ್ಮ ಶಾಲೆಯಲ್ಲಿಯೇ ಇದ್ದಾರೆ. ಅವರ ಸಂಕಟವನ್ನು ಕುರಿತು ಬರೆಯುವುದೇ ನನ್ನ ಮುಖ್ಯ ಉದ್ದೇಶ.

ಬೀದಿಯ ದೀಪದ ಕೆಳಗೆ ಕುಳಿತು ಓದಿ ಮಹಾಪುರುಷರಾದವರ ಕಥೆಯನ್ನು ನಿಮಗೆ ಹೇಳದ ಉಪಾಧ್ಯಾಯರಿಲ್ಲ. ನಾನೂ ಹೇಳುತ್ತೇನೆ. ಆದರೆ ಆ ಕಥೆ ಹೊಗಳುವುದು ಯಾವುದನ್ನು ಎಂಬುದನ್ನು ಗಮನಿಸಬೇಕು. ಮನೆಯಲ್ಲಿ ದೀಪಕ್ಕೆ ಎಣ್ಣೆಯಿಲ್ಲದ ಬಡತನವನ್ನು ಮೀರಿ ಓದಿದ ಛಲವನ್ನು ಅದು ಹೊಗಳುತ್ತದೆಯೇ ಹೊರತು ನಿದ್ರೆಯಿಲ್ಲದಿರುವುದನ್ನಲ್ಲ. ನಮ್ಮವರೇ ಆದ ಚರಕಾಚಾರ್ಯರು ದೇಹವನ್ನು ಎತ್ತಿಹಿಡಿದಿರುವ ಮೂರು ಊರೆಗೋಲುಗಳನ್ನು ಹೆಸರಿಸುವಾಗ ಆಹಾರದ ಪಕ್ಕದಲ್ಲಿಯೇ ನಿದ್ರೆಯನ್ನು ಇಟ್ಟಿದ್ದಾರೆ, ಮೂರನೆಯದು ಬ್ರಹ್ಮಚರ್ಯ. ಊಟ ಬಿಟ್ಟು ಓದಿದೆನೆಂದು ಯಾರಾದರೂ ಹೇಳಿದರೆ ಅವರ ಮೇಲೆ ನಮಗೆ ಕನಿಕರ ಹುಟ್ಟುತ್ತದೆ. ನಿದ್ದೆ ಬಿಟ್ಟು ಓದಿದೆನೆಂದರೆ ಮಾತ್ರ ಬೆನ್ನು ತಟ್ಟುತ್ತೇವೆ.

ನಿದ್ರೆ ಇಲ್ಲದೆ ಮನುಷ್ಯನು ಎಷ್ಟು ದಿನ ಇರಬಲ್ಲನೆಂದು ಪರೀಕ್ಷಿಸಲು ಹೊರಟವನು ನಿಮ್ಮಂತೆಯೇ ಒಬ್ಬ ಶಾಲಾ ಬಾಲಕ. ಅಮೆರಿಕೆಯ ಸ್ಯಾನ್ ಡಿಯಾಗೋ ನಗರದ ರ‍್ಯಾಂಡಿ ಗಾರ್ಡ್ನರ್ ಎಂಬ ೧೭ ವರ್ಷದ ಹುಡುಗನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ೧೯೬೩ರ ಡಿಸೆಂಬರ್ ಕೊನೆಯಲ್ಲಿ ಎಚ್ಚರವಿರಲು ಆರಂಭಿಸಿದನು. ೧೯೬೪ರ ಜನವರಿಯಲ್ಲಿ ಅವನು ಮಲಗಿದಾಗ ೨೬೪ ಗಂಟೆಗಳು, ಎಂದರೆ ಹನ್ನೊಂದು ದಿನಗಳು, ಕಳೆದಿದ್ದವು. ಚಹ ಕಾಫಿಗಳ ನೆರವನ್ನು ಅವನು ಪಡೆಯಲಿಲ್ಲ. ನಿದ್ರಾಶಾಸ್ತ್ರಜ್ಞನಾದ ವಿಲಿಯಂ ಡಿಮೆಂಟ್ ಬಳಿಯಿದ್ದು ನೋಡಿಕೊಂಡನು. ಹುಡುಗನ ಮೈಗೇನೂ ದೊಡ್ಡ ಕೇಡು ಆಗಲಿಲ್ಲ. ಹತ್ತನೆಯ ದಿನ ಆಟದ ಯಂತ್ರದಲ್ಲಿ ಡಿಮೆಂಟನನ್ನೇ ಸೋಲಿಸಿದನಂತೆ. ಈ ಒಂದು ಮಾತನ್ನು ಮಾತ್ರ ಕೇಳಿದವರು ನಿದ್ದೆ ಬೇಡವೆಂದೇ ತೀರ್ಮಾನಿಸಿಯಾರು. ಆದರೆ ಅವನ ಬುದ್ಧಿಗೆ ಏನಾಯಿತೆಂಬುದನ್ನು ಕೇಳಬೇಕು. ಕೋಪ, ಮಂಕು, ಮರೆವು, ಇಲ್ಲದ್ದನ್ನು ಕಾಣುವುದು, ಇವೆಲ್ಲ ಒಂದರ ಹಿಂದೆ ಒಂದು ಬಂದವು. ಹನ್ನೊಂದನೆಯ ದಿನ ಅವನಿಗೆ ೧೦೦ರಿಂದ ಏಳೇಳರಂತೆ ಕಳೆಯುತ್ತ ಹೋಗಲು ಹೇಳಿದರು. ೬೫ಕ್ಕೆ ಬಂದು ನಿಂತುಬಿಟ್ಟನು. ಏಕೆ ನಿಲ್ಲಿಸಿದೆ ಎಂದು ಕೇಳಿದರೆ, ತಾನು ಏನು ಮಾಡುತ್ತಿದ್ದೆನೆಂಬುದೇ ಮರೆತುಹೋಯಿತೆಂದನು. ಐದು ಸಲ ಏಳನ್ನು ಕಳೆಯುವ ಲೆಕ್ಕ! ನಮ್ಮ ಮೂರನೆಯ ತರಗತಿಯ ಮಕ್ಕಳು ಮಾಡುವುದು. ಗಿನ್ನೆಸ್ ದಾಖಲೆಯವರು ಮುಂದೆ ಇಂಥ ಸಾಹಸವು ಅಪಾಯವೆಂದು ಆ ವಿಭಾಗವನ್ನೇ ಕೈಬಿಟ್ಟರು. ಗಾರ್ಡ್ನರನು ಮುಪ್ಪಿನಲ್ಲಿ ನಿದ್ರಾಹೀನತೆಯಿಂದ ಬಹಳ ಬಳಲಿದೆನೆಂದು ಹೇಳಿಕೊಂಡಿದ್ದಾನೆ. ಹುಡುಗತನದ ಆ ಸಾಹಸವೇ ಅದಕ್ಕೆ ಕಾರಣವೆಂದು ನಾನು ವಾದಿಸುವುದಿಲ್ಲ.

ಹನ್ನೊಂದು ದಿನದ ಮಾತು ನಮಗೇಕೆ, ನಾವು ಬಿಡುವುದು ರಾತ್ರಿಗೆ ಎರಡು ಮೂರು ಗಂಟೆ ತಾನೆ ಎಂದು ನೀವು ಕೇಳಬಹುದು. ಆ ಎರಡು ಮೂರು ಗಂಟೆಗಳಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿದರೆ ಹಾಗೆ ಕೇಳಲಾರಿರಿ. ೧೯೨೪ರಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ವಿದ್ವಾಂಸರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿಸಿ, ಒಂದು, ಎರಡು, ನಾಲ್ಕು, ಎಂಟು ಗಂಟೆಗಳ ತರುವಾಯ ಒಪ್ಪಿಸಲು ಹೇಳಿದರು. ಪಾಠ ಮಾಡಿ ಎಚ್ಚರವಿದ್ದಾಗ ಮರೆತಷ್ಟನ್ನು ಅದೇ ವಿದ್ಯಾರ್ಥಿಗಳು ಪಾಠ ಮಾಡಿ ಮಲಗೆದ್ದಾಗ ಮರೆಯಲಿಲ್ಲ. ತರುವಾಯದ ನೂರು ವರ್ಷಗಳ ಸಂಶೋಧನೆ ಈ ಮಾತನ್ನು ಬಲಪಡಿಸಿದೆ. ಹಗಲು ಕಲಿತದ್ದನ್ನು ಮಿದುಳು ರಾತ್ರಿಯಲ್ಲಿ ಮತ್ತೆ ಹೊರಳಿಸಿ ನೋಡಿ, ಉಳಿಸತಕ್ಕದ್ದನ್ನು ಉಗ್ರಾಣಕ್ಕೆ ಸೇರಿಸುತ್ತದೆ. ೧೯೫೩ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಎಂಬವರು, ಮಲಗಿದವನ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಆಗಾಗ ವೇಗವಾಗಿ ಚಲಿಸುವುದನ್ನು ಕಂಡು, ಕನಸುಗಳು ಹೇರಳವಾಗಿ ಬೀಳುವ ಒಂದು ವಿಶೇಷ ನಿದ್ರೆ ಉಂಟೆಂದು ಪ್ರಕಟಿಸಿದರು. ಗಾಢನಿದ್ರೆಯೂ ಈ ಕನಸಿನ ನಿದ್ರೆಯೂ ಸುಮಾರು ಒಂದೂವರೆ ಗಂಟೆಗೊಂದು ಸುತ್ತಿನಂತೆ ಸರದಿಯಾಗಿ ಬರುತ್ತವೆ. ಗಾಢನಿದ್ರೆ ಮುನ್ನಿರುಳಿನಲ್ಲಿ ಹೆಚ್ಚು, ಕನಸಿನ ನಿದ್ರೆ ಬೆಳಗಿನ ಜಾವದಲ್ಲಿ ಹೆಚ್ಚು. ಎರಡಕ್ಕೆ ಮಲಗಿ ಆರಕ್ಕೆ ಏಳುವವನು ಬಟ್ಟೆಯ ಅಂಚನ್ನಷ್ಟೇ ಕತ್ತರಿಸಿದೆನೆಂದು ತಿಳಿಯುತ್ತಾನೆ. ಅವನು ಕತ್ತರಿಸಿರುವುದು ಅರ್ಧ ಸೆರಗನ್ನು.

ಹದಿಮೂರರಿಂದ ಹದಿನೆಂಟರವರೆಗಿನ ವಯಸ್ಸಿನವರಿಗೆ ೮ರಿಂದ ೧೦ ಗಂಟೆ, ಆರರಿಂದ ಹನ್ನೆರಡರವರೆಗಿನವರಿಗೆ ೯ರಿಂದ ೧೨ ಗಂಟೆ ನಿದ್ರೆ ಬೇಕೆಂದು ಅಮೆರಿಕೆಯ ನಿದ್ರಾವೈದ್ಯರ ಸಂಘವು ೨೦೧೬ರಲ್ಲಿ ಶಿಫಾರಸು ಮಾಡಿತು. ನಮ್ಮ ಹತ್ತನೆಯ ತರಗತಿಯಲ್ಲಿ ಕೈ ಎತ್ತಿಸಿ ಕೇಳಿದರೆ ಎಂಟು ಗಂಟೆ ಮಲಗುವವರು ಬೆರಳೆಣಿಕೆಯಷ್ಟು ಸಿಕ್ಕುತ್ತಾರೆ. ಇವರೆಲ್ಲ ಓದುವುದಕ್ಕಾಗಿ ಎಚ್ಚರವಿದ್ದಾರೆಯೇ? ಇಲ್ಲ. ಸಂಜೆ ಹೋಟೆಲಿನ ಗಲ್ಲೆಯ ಬಳಿ ಅಪ್ಪನಿಗೆ ನೆರವಾಗಿ ಹನ್ನೊಂದಕ್ಕೆ ಮನೆಗೆ ಬರುವವನೊಬ್ಬ. ಚಾಳಿನ ನಳದಲ್ಲಿ ನಾಲ್ಕೂವರೆಗೆ ನೀರು ಬರುತ್ತದೆಂದು ಕೊಡ ಹಿಡಿದು ಏಳುವವಳೊಬ್ಬಳು. ಕಲಬುರ್ಗಿಯಿಂದಲೋ ಕುಂದಾಪುರದಿಂದಲೋ ಬಂದು ಒಂದೇ ಖೋಲಿಯಲ್ಲಿ ಆರು ಜನ ವಾಸಿಸುವ ಮನೆಯಲ್ಲಿ, ರಾತ್ರಿಪಾಳಿ ಮುಗಿಸಿ ಬರುವ ಅಣ್ಣನಿಗೆ ಬಾಗಿಲು ತೆರೆಯುವವರಾರು? ಬಾಗಿಲ ಬಳಿ ಚಾಪೆ ಹಾಸಿಕೊಂಡವರು. ಈ ಮಕ್ಕಳಿಗೆ "ಬೇಗ ಮಲಗಿ ಬೇಗ ಏಳಿ" ಎಂದು ಗೋಡೆಯ ಮೇಲೆ ಬರೆದು ತೋರಿಸುವುದು ಅವರನ್ನು ಹಂಗಿಸಿದಂತೆಯೇ ಸರಿ. ಅವರ ಮಟ್ಟಿಗೆ ನಿದ್ರೆಯ ಪ್ರಶ್ನೆಯೆಂದರೆ ಜಾಗದ ಪ್ರಶ್ನೆ, ಸಂಬಳದ ಪ್ರಶ್ನೆ, ನೀರಿನ ಪ್ರಶ್ನೆ. ಇದನ್ನು ಹಿರಿಯರಾದ ನಾವು ಮೊದಲು ಒಪ್ಪಿಕೊಳ್ಳಬೇಕು.

ಇನ್ನು ಕೆಲವರಿದ್ದಾರೆ. ಅವರಿಗೆ ಜಾಗವೂ ಉಂಟು, ಹೊತ್ತೂ ಉಂಟು. ಹತ್ತು ಗಂಟೆಗೆ ದೀಪ ಆರಿಸಿ ಮಲಗುತ್ತಾರೆ. ನಿದ್ದೆ ಮಾತ್ರ ಬಾರದು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ತಿರುಗಿಸಿ ಹೇಳಿದರೆ ಇವರ ಸ್ಥಿತಿ ತಿಳಿಯುತ್ತದೆ. ಕೊನೆಯ ಲೋಕಲ್ ಗಾಡಿ ಹೋದ ಸದ್ದು ಕೇಳುತ್ತಾರೆ. ಮೊದಲ ಗಾಡಿ ಬರುವ ಸದ್ದನ್ನೂ ಕೇಳುತ್ತಾರೆ.

ಇವರ ಕುಲಕ್ಕೆ ಹಿರಿಯನೆಂದರೆ ಧೃತರಾಷ್ಟ್ರ. ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರ ಪರ್ವವೆಂಬ ಒಂದು ಭಾಗವೇ ಇದೆ. ಪ್ರಜಾಗರವೆಂದರೆ ನಿದ್ದೆ ಬಾರದ ಎಚ್ಚರ. ಪಾಂಡವರ ಬಳಿಗೆ ಹೋಗಿದ್ದ ಸಂಜಯನು ರಾತ್ರಿ ಹಿಂದಿರುಗಿ, ಮುದುಕನನ್ನು ನಾಲ್ಕು ಮಾತು ನಿಂದಿಸಿ, ಯುಧಿಷ್ಠಿರನು ಹೇಳಿಕಳುಹಿಸಿದ್ದನ್ನು ನಾಳೆ ಸಭೆಯಲ್ಲಿ ತಿಳಿಸುವೆನೆಂದು ಹೊರಟುಹೋಗುತ್ತಾನೆ. ಆ ರಾತ್ರಿ ಧೃತರಾಷ್ಟ್ರನಿಗೆ ನಿದ್ದೆ ಬರುವುದಾದರೂ ಹೇಗೆ? ಫಲಿತಾಂಶವು ನಾಳೆ ಬೆಳಿಗ್ಗೆ ಪ್ರಕಟವಾಗುವುದೆಂದು ತಿಳಿದ ವಿದ್ಯಾರ್ಥಿಯ ರಾತ್ರಿಯಂತೆಯೇ ಅದು. ವಿದುರನನ್ನು ಕರೆಸುತ್ತಾನೆ. ಬಲಶಾಲಿಯ ಹಗೆತನಕ್ಕೆ ಸಿಕ್ಕ ದುರ್ಬಲನಿಗೆ, ಸರ್ವಸ್ವವನ್ನೂ ಕಳೆದುಕೊಂಡವನಿಗೆ, ಕಾಮಿಗೆ, ಕಳ್ಳನಿಗೆ ನಿದ್ದೆ ಬಾರದೆಂದು ವಿದುರನು ಎಣಿಸಿ ಹೇಳಿ, ಇವುಗಳಲ್ಲಿ ನಿನ್ನದು ಯಾವುದು ಎಂದು ಕೇಳುತ್ತಾನೆ. ಅಲ್ಲಿಂದ ಮುಂದೆ ಎಂಟು ಅಧ್ಯಾಯಗಳಷ್ಟು ನೀತಿ. ವಿದುರನೀತಿಯೆಂದು ನಾವಿಂದು ಪೂಜಿಸುವ ಗ್ರಂಥವೆಲ್ಲ ಒಬ್ಬ ಮುದುಕನಿಗೆ ನಿದ್ದೆ ಬಾರದ ಕಾರಣ ಹುಟ್ಟಿದ್ದು. ಧೃತರಾಷ್ಟ್ರನಿಗಾದರೋ ನೀತಿಯೆಲ್ಲ ದೊರಕಿತು, ನಿದ್ದೆ ದೊರಕಲಿಲ್ಲ.

ನಿದ್ದೆ ಬಾರದವನಿಗೆ ಉಪದೇಶದಿಂದ ನಿದ್ದೆ ಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೇ? ಆದುದರಿಂದ ಇಲ್ಲಿ ನೀತಿಯನ್ನು ಬಿಟ್ಟು ದೇಹದ ರೀತಿಯನ್ನು ಹೇಳುತ್ತೇನೆ. ನಿದ್ರೆಯನ್ನು ತರುವ ಶಕ್ತಿಗಳು ಎರಡು ಎಂದು ೧೯೮೨ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ನಿರೂಪಿಸಿದನು. ಒಂದು, ನಾವು ಎಚ್ಚರವಿದ್ದಷ್ಟು ಹೊತ್ತೂ ಕೂಡುತ್ತ ಬರುವ ಒತ್ತಡ. ನಳದ ಕೆಳಗಿಟ್ಟ ಕೊಡ ತುಂಬುವಂತೆ ಬೆಳಗಿನಿಂದ ಮಿದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯ ತುಂಬುತ್ತ ಬರುತ್ತದೆ. ರಾತ್ರಿಯ ನಿದ್ದೆ ಆ ಕೊಡವನ್ನು ಬರಿದು ಮಾಡುತ್ತದೆ. ಸಂಜೆ ಐದಕ್ಕೆ ಬಂದು ಎರಡು ಗಂಟೆ ಮಲಗಿದವನು ಕೊಡವನ್ನು ಅರ್ಧಕ್ಕೇ ಚೆಲ್ಲಿದವನು; ರಾತ್ರಿ ಹತ್ತಕ್ಕೆ ಅವನಲ್ಲಿ ನಿದ್ದೆಯ ಬಂಡವಾಳವೇ ಇರುವುದಿಲ್ಲ. ಚಹ ಕಾಫಿಗಳಲ್ಲಿನ ಕೆಫೀನು ಕೊಡವನ್ನು ಚೆಲ್ಲುವುದಿಲ್ಲ, ಅದು ತುಂಬಿದೆಯೆಂಬ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಹೋಟೆಲಿನ ಮಕ್ಕಳಾದ ನಮಗೆ ಚಹವು ನೀರಿಗೆ ಸಮ; ಸಂಜೆ ಏಳಕ್ಕೆ ಕುಡಿದ ಲೋಟದ ಅರ್ಧ ಶಕ್ತಿ ನಡುರಾತ್ರಿಯವರೆಗೆ ನಮ್ಮೊಳಗೆ ಎದ್ದು ಕುಳಿತಿರುತ್ತದೆಂಬುದು ನೆನಪಿಗೆ ಬರುವುದೇ ಇಲ್ಲ.

ಎರಡನೆಯ ಶಕ್ತಿ ದೇಹದೊಳಗಿನ ಗಡಿಯಾರ. ಕವಿ ಮಾತಿನ ಗಡಿಯಾರವಲ್ಲ. ಜೀವಕೋಶಗಳಲ್ಲಿ ಅದು ನಡೆಯುವ ಬಗೆಯನ್ನು ಕಂಡುಹಿಡಿದ ಹಾಲ್, ರಾಸ್ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಹದಿಹರೆಯದಲ್ಲಿ ಈ ಗಡಿಯಾರವು ತಾನಾಗಿಯೇ ಹಿಂದೆ ಸರಿಯುತ್ತದೆ: ಹತ್ತು ವರ್ಷದ ಮಗುವಿಗೆ ಒಂಬತ್ತಕ್ಕೆ ಬರುವ ಜೊಂಪು ಹದಿನಾರು ವರ್ಷದವನಿಗೆ ಹನ್ನೊಂದಕ್ಕೆ ಬರುತ್ತದೆ. ಇದು ಸೋಮಾರಿತನವೂ ಅಲ್ಲ, ಸೊಕ್ಕೂ ಅಲ್ಲ. ಅಮೆರಿಕೆಯ ಸಿಯಾಟಲ್ ನಗರದವರು ಇದನ್ನು ಮನಗಂಡು ೨೦೧೬ರಲ್ಲಿ ಪ್ರೌಢಶಾಲೆಗಳ ಆರಂಭವನ್ನು ೭-೫೦ರಿಂದ ೮-೪೫ಕ್ಕೆ ಸರಿಸಿದರು. ಮಕ್ಕಳು ಇನ್ನಷ್ಟು ತಡವಾಗಿ ಮಲಗುವರೆಂದು ಹೆದರಿದವರಿದ್ದರು, ಆದರೆ ಮಕ್ಕಳ ನಿದ್ದೆಯು ದಿನಕ್ಕೆ ೩೪ ನಿಮಿಷದಷ್ಟು ಹೆಚ್ಚಿತೆಂದು ೨೦೧೮ರ ವರದಿ ತಿಳಿಸಿತು. ನಮ್ಮ ಮಹಾರಾಷ್ಟ್ರ ಸರಕಾರವೂ ೨೦೨೪ರ ಫೆಬ್ರವರಿಯಲ್ಲಿ, ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಆರಂಭವಾಗಬಾರದೆಂದು ಆಜ್ಞೆ ಹೊರಡಿಸಿತು. ಒಳ್ಳೆಯ ಆಜ್ಞೆ. ಆದರೆ ಗಡಿಯಾರ ಹಿಂದೆ ಸರಿಯುವುದು ಚಿಕ್ಕ ಮಕ್ಕಳಿಗಲ್ಲ, ಎಂಟು, ಒಂಬತ್ತು, ಹತ್ತನೆಯ ತರಗತಿಯವರಿಗೆ. ಅವರನ್ನು ಏಳು ಗಂಟೆಯ ಪಾಳಿಗೆ ಬಿಟ್ಟು ಚಿಕ್ಕವರನ್ನು ಮಲಗಿಸಿದಂತಾಯಿತು.

ಮೊಬೈಲಿನ ಮೇಲೆ ಎಲ್ಲ ದೋಷವನ್ನೂ ಹೊರಿಸುವುದು ಇಂದಿನ ಹಿರಿಯರ ವಾಡಿಕೆ. ಅದರ ಬೆಳಕು ನಿದ್ರೆಯನ್ನು ಹಿಂದಕ್ಕೆ ದೂಡುವುದು ನಿಜ. ಆದರೆ ಬೆಳಕಿಗಿಂತ ಅದರೊಳಗಿನ ವಿಷಯವೇ ಹೆಚ್ಚು ಕೇಡೆಂದು ನನಗೆ ತೋರುತ್ತದೆ. ನಮ್ಮ ಬಿಜಾಪುರದ ಕಡೆ ಬೇಸಗೆಯಲ್ಲಿ ಮಾಳಿಗೆಯ ಮೇಲೆ ಕೌದಿ ಹಾಸಿಕೊಂಡು ಮಲಗುವಾಗ ಅಜ್ಜಿ ಕಥೆ ಹೇಳುತ್ತಿದ್ದಳು. ಕಥೆಗೊಂದು ಕೊನೆಯಿತ್ತು, ಕೊನೆಗೆ ಮೊದಲೇ ನಾವು ಮಲಗಿರುತ್ತಿದ್ದೆವು. ಮೊಬೈಲಿನ ಕಥೆಗೆ ಕೊನೆಯೆಂಬುದಿಲ್ಲ. ಒಂದು ಮುಗಿಯುವ ಮೊದಲೇ ಮತ್ತೊಂದು ಹಾಜರು. ಅದನ್ನು ತಲೆದಿಂಬಿನಿಂದ ಕೈಗೆಟುಕದಷ್ಟು ದೂರವಿಟ್ಟವನು ಅರ್ಧ ಗೆದ್ದಂತೆ.

ಈಗ ನಿದ್ದೆ ಬಾರದವನು ಮಾಡತಕ್ಕದ್ದೇನು ಎಂಬ ಪ್ರಶ್ನೆ. ಮೊದಲನೆಯದಾಗಿ, "ಪ್ರಯತ್ನ ಮಾಡಿ ಮಲಗು" ಎಂಬ ಸಲಹೆಗಿಂತ ಕೆಟ್ಟ ಸಲಹೆ ಇಲ್ಲ. ಪ್ರಯತ್ನದಿಂದ ಗಣಿತ ಬರುತ್ತದೆ, ಈಜು ಬರುತ್ತದೆ, ನಿದ್ದೆ ಬರುವುದಿಲ್ಲ. ಅದು ಅಂಗಳಕ್ಕೆ ಬರುವ ಗುಬ್ಬಿಯಂತೆ. ಹಿಡಿಯಲು ಹೋದರೆ ಹಾರಿಹೋಗುತ್ತದೆ. ವಿಕ್ಟರ್ ಫ್ರಾಂಕ್ಲ್ ಎಂಬ ವಿಯೆನ್ನಾದ ವೈದ್ಯನು ತನ್ನ ರೋಗಿಗಳಿಗೆ, ಮಲಗಲು ಯತ್ನಿಸಬೇಡಿ, ಹಾಸಿಗೆಯಲ್ಲಿದ್ದು ಎಚ್ಚರವಿರಲು ಯತ್ನಿಸಿರಿ ಎಂದು ಹೇಳುತ್ತಿದ್ದನು. ಕೇಳಿದರೆ ನಗು ಬರುತ್ತದೆ. ಎಚ್ಚರವಿರುವ ಹೊಣೆ ಹೊತ್ತ ಕೂಡಲೇ ನಿದ್ದೆ ಬಾರದೆಂಬ ಭಯ ಹೋಗುತ್ತದೆ, ಭಯ ಹೋದೆಡೆಗೆ ನಿದ್ದೆ ಬರುತ್ತದೆ. ಮುಂದಿನ ಬೆಂಚಿನಲ್ಲಿ ಕಷ್ಟಪಟ್ಟು ಕಣ್ಣು ಬಿಟ್ಟುಕೊಂಡು ಕುಳಿತವರಿಗೆ ಈ ತತ್ತ್ವದ ಸತ್ಯವನ್ನು ನಾನು ವಿವರಿಸಬೇಕಾಗಿಲ್ಲ!

ಎರಡನೆಯ ಉಪಾಯವು ೧೯೭೨ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞನು ಸೂಚಿಸಿದ್ದು. ಹಾಸಿಗೆಯಲ್ಲಿ ಹೊರಳಾಡುತ್ತ ಗಂಟೆಗಟ್ಟಲೆ ಬಿದ್ದಿದ್ದರೆ ಮನಸ್ಸು ಹಾಸಿಗೆಯನ್ನೇ ಹೊರಳಾಟದ ಜಾಗವೆಂದು ಕಲಿತುಬಿಡುತ್ತದೆ. ಸುಮಾರು ಇಪ್ಪತ್ತು ನಿಮಿಷದೊಳಗೆ ನಿದ್ದೆ ಬಾರದಿದ್ದರೆ ಎದ್ದು ಬೇರೆಡೆಗೆ ಹೋಗಿ ಕುಳಿತು, ಜೊಂಪು ಬಂದಾಗಲೇ ಹಿಂದಿರುಗಬೇಕು. ಗಡಿಯಾರವನ್ನು ನೋಡಬಾರದು, ಇಪ್ಪತ್ತು ನಿಮಿಷವನ್ನು ಅಂದಾಜಿನಿಂದಲೇ ತಿಳಿಯಬೇಕು. ಬೇರೆ ಕೋಣೆಗೆ ಹೋಗು ಎನ್ನುತ್ತವೆ ಪುಸ್ತಕಗಳು. ಒಂದೇ ಖೋಲಿಯ ಮನೆಯವರಿಗೆ ಬೇರೆ ಕೋಣೆ ಎಲ್ಲಿಯದು? ಅವರಿಗೆ ನಾನು ಹೇಳುವುದು ಇಷ್ಟೇ: ಕೌದಿಯನ್ನು ಮಡಿಚಿ ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕುಳಿತುಕೊಳ್ಳಿರಿ. ಮಡಿಚಿದ ಹಾಸಿಗೆ ಹಾಸಿಗೆಯಲ್ಲ. ಕತ್ತಲಲ್ಲಿ ಸುಮ್ಮನೆ ಕುಳಿತು, ಮನಸ್ಸಿನಲ್ಲಿಯೇ ನಿಮ್ಮ ಊರಿನ ಬಸ್ಸು ನಿಲ್ದಾಣದಿಂದ ಅಜ್ಜನ ಮನೆಯವರೆಗಿನ ದಾರಿಯಲ್ಲಿ ಒಂದೊಂದು ಮನೆಯನ್ನೂ ನೋಡುತ್ತ ನಡೆಯಿರಿ. ಆಕಳಿಕೆ ಬಂದಾಗ ಮತ್ತೆ ಹಾಸಿಕೊಳ್ಳಿರಿ. ಒಂದು ರಾತ್ರಿಯಲ್ಲಿ ಮೂರು ಸಲ ಹೀಗೆ ಮಾಡಬೇಕಾದೀತು. ಒಂದೆರಡು ವಾರಗಳಲ್ಲಿ ಅಷ್ಟು ಸಲ ಏಳಬೇಕಾಗುವುದಿಲ್ಲ.

ರಾತ್ರಿ ಎಷ್ಟೇ ಹೊತ್ತಿಗೆ ನಿದ್ದೆ ಬಂದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಇದು ಎಲ್ಲಕ್ಕಿಂತ ಕಷ್ಟವಾದ ನಿಯಮ, ಎಲ್ಲಕ್ಕಿಂತ ಫಲಕಾರಿಯೂ ಹೌದು. ಮಲಗುವ ಹೊತ್ತು ನಮ್ಮ ಕೈಯಲ್ಲಿಲ್ಲ, ಏಳುವ ಹೊತ್ತು ನಮ್ಮ ಕೈಯಲ್ಲಿದೆ. ಭಾನುವಾರ ಹತ್ತರವರೆಗೆ ಮಲಗಿ ವಾರದ ಸಾಲವನ್ನೆಲ್ಲ ತೀರಿಸಲು ಹೋದವನು ಸೋಮವಾರದ ರಾತ್ರಿಗೆ ಹೊಸ ಸಾಲ ಮಾಡಿಕೊಳ್ಳುತ್ತಾನೆ. ಎದ್ದ ಮೇಲೆ ಹತ್ತು ನಿಮಿಷ ಚಾಳಿನ ಗ್ಯಾಲರಿಯಲ್ಲಿಯೋ ಕಟ್ಟಡದ ಮಾಳಿಗೆಯಲ್ಲಿಯೋ ಬೆಳಕಿಗೆ ಮುಖವೊಡ್ಡಿ ನಿಂತರೆ ಒಳಗಿನ ಗಡಿಯಾರಕ್ಕೆ ಕೀಲಿ ಕೊಟ್ಟಂತೆ. ನೂರು ವರ್ಷ ದಾಟಿ ಬಾಳಿದ ಸರ್ ಎಂ. ವಿಶ್ವೇಶ್ವರಯ್ಯನವರು ಹೊತ್ತು ತಪ್ಪದ ದಿನಚರಿಗೆ ಹೆಸರಾದವರು. ಇದೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅವರು ತಮ್ಮ ವೃತ್ತಿಯನ್ನು ಆರಂಭಿಸಿದರೆಂಬುದನ್ನು ಈ ಸಂದರ್ಭದಲ್ಲಿ ನೆನೆದರೆ ತಪ್ಪಾಗಲಾರದು.

ಧೃತರಾಷ್ಟ್ರನ ರೋಗಕ್ಕೆ, ಎಂದರೆ ನಾಳೆಯ ಚಿಂತೆಗೆ, ಒಂದು ಸಣ್ಣ ಮದ್ದು ಇದೆ. ೨೦೧೮ರಲ್ಲಿ ಅಮೆರಿಕೆಯ ಬೇಲರ್ ವಿಶ್ವವಿದ್ಯಾಲಯದವರು ೫೭ ಮಂದಿ ತರುಣ ತರುಣಿಯರನ್ನು ಎರಡು ಗುಂಪು ಮಾಡಿ, ಮಲಗುವ ಮುನ್ನ ಐದು ನಿಮಿಷ ಬರೆಯಲು ಹೇಳಿದರು. ಒಂದು ಗುಂಪು ಮಾಡಿ ಮುಗಿಸಿದ ಕೆಲಸಗಳನ್ನು ಬರೆಯಿತು, ಇನ್ನೊಂದು ಮುಂದೆ ಮಾಡಬೇಕಾದ ಕೆಲಸಗಳನ್ನು. ಮಾಡಬೇಕಾದವನ್ನು ಬರೆದವರೇ ಬೇಗ ನಿದ್ದೆಹೋದರು. ಬಿಡಿಬಿಡಿಯಾಗಿ ವಿವರವಾಗಿ ಬರೆದಷ್ಟೂ ಬೇಗ. ಕಾಗದದ ಮೇಲೆ ಇಳಿದ ಚಿಂತೆಯನ್ನು ತಲೆಯು ಹೊತ್ತಿರಬೇಕಾಗಿಲ್ಲವಷ್ಟೆ. "ಇತಿಹಾಸ ಓದಬೇಕು" ಎಂದು ಬರೆದರೆ ಸಾಲದು. "ಇತಿಹಾಸದ ನಾಲ್ಕನೆಯ ಪಾಠ, ಪ್ರಶ್ನೆ ಆರು, ಮಧ್ಯಾಹ್ನದ ಬಿಡುವಿನಲ್ಲಿ" ಎಂದು ಬರೆಯಬೇಕು.

ನಿದ್ದೆಯ ಮಾತ್ರೆಯನ್ನು ಮಾತ್ರ ಯಾರೂ ತಮ್ಮಷ್ಟಕ್ಕೆ ತಾವೇ ಮುಟ್ಟತಕ್ಕದ್ದಲ್ಲ. ಅಜ್ಜನ ಡಬ್ಬಿಯಿಂದ ತೆಗೆದು ನುಂಗಿದವರ ಸಂಗತಿ ನನ್ನ ಕಿವಿಗೆ ಬಿದ್ದಿದೆ. ನಿದ್ರಾಹೀನತೆಗೆ ಮೊದಲು ಮಾಡಬೇಕಾದ ಚಿಕಿತ್ಸೆ ಮಾತ್ರೆಯಲ್ಲ, ಮೇಲೆ ಹೇಳಿದಂಥ ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯೆಂದು ಅಮೆರಿಕೆಯ ವೈದ್ಯರ ಕಾಲೇಜು ವಯಸ್ಕರ ವಿಷಯದಲ್ಲಿಯೇ ೨೦೧೬ರಲ್ಲಿ ಹೇಳಿತು; ಮಕ್ಕಳ ಮಾತು ಹೇಳಬೇಕೇ? ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದನ್ನು ದೀರ್ಘಕಾಲದ ನಿದ್ರಾಹೀನತೆಯೆನ್ನುತ್ತಾರೆ. ಅಷ್ಟು ದಿನ ಕಾಯದೆ ವೈದ್ಯರನ್ನು ಕಾಣುವುದು ಲೇಸು. ನಿದ್ದೆಯ ಜೊತೆಗೆ ಊಟವೂ ಸೇರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ, ಬದುಕೇ ಬೇಡವೆನಿಸಿದರೆ ಆ ರಾತ್ರಿಯೇ ಮನೆಯವರನ್ನು ಎಬ್ಬಿಸಿ ಹೇಳಬೇಕು. ಕೇಂದ್ರ ಸರಕಾರವು ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿ ಉಂಟು. ೧೪೪೧೬ಕ್ಕೆ ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಬಹುದು, ಹಣ ಬೀಳುವುದಿಲ್ಲ.

ಇಷ್ಟೂ ಮಕ್ಕಳು ಮಾಡತಕ್ಕದ್ದಾಯಿತು. ಹಿರಿಯರು ಮಾಡತಕ್ಕದ್ದೂ ಉಂಟು. ಈ ಸಂಚಿಕೆಯನ್ನು ನಿಮ್ಮ ತಂದೆತಾಯಿಗಳೂ ಓದುವರೆಂಬ ನಂಬಿಕೆಯಿಂದ ಬರೆಯುತ್ತೇನೆ. ನಿದ್ರೆಯು ಮನುಷ್ಯನ ಮೂಲಭೂತ ಅವಶ್ಯಕತೆಯೆಂದೂ, ಸಂವಿಧಾನದ ೨೧ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನೊಳಗೆ ಅದು ಸೇರಿದೆಯೆಂದೂ ರಾಮಲೀಲಾ ಮೈದಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ಹೇಳಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮವು ೨೦೦೦ದಿಂದ ಇದೆ. ವರ್ಷದಲ್ಲಿ ಹದಿನೈದು ದಿನಗಳಿಗೆ ಮೀರದಂತೆ ಹಬ್ಬಗಳಿಗಾಗಿ ಹನ್ನೆರಡರವರೆಗೆ ಸರಕಾರವು ವಿನಾಯಿತಿ ಕೊಡಬಹುದು. ನಮ್ಮ ಕನ್ನಡಿಗರ ಮಂಡಳಿಗಳೂ ಈ ನಗರದಲ್ಲಿ ಉತ್ಸವ ಮಾಡುತ್ತವೆ, ಯಕ್ಷಗಾನ ಆಡಿಸುತ್ತವೆ. ಅವು ಬೇಡವೆನ್ನುವ ಅರಸಿಕ ನಾನಲ್ಲ. ಧ್ವನಿವರ್ಧಕದ ಕಹಳೆಯನ್ನು ಸಭೆಯ ಕಡೆಗೆ ತಿರುಗಿಸಿದರೆ ಸಾಕು, ಚಾಳಿನ ಕಿಟಕಿಗಳ ಕಡೆಗೆ ಬೇಡ. ಮನೆಯಲ್ಲಿ ರಾತ್ರಿ ಹತ್ತರ ಮೇಲೆ ದೂರದರ್ಶನದ ಧಾರಾವಾಹಿಯನ್ನು ನೋಡಲೇಬೇಕಾದವರು ಧ್ವನಿಯನ್ನು ತಗ್ಗಿಸಿ ನೋಡಲಿ. ಬಾಗಿಲು ತೆರೆಯುವ ಸರದಿಯನ್ನೂ ನೀರು ಹಿಡಿಯುವ ಸರದಿಯನ್ನೂ ಹತ್ತನೆಯ ತರಗತಿಯ ಮಗುವಿನಿಂದ, ವಿಶೇಷವಾಗಿ ಹೆಣ್ಣುಮಗುವಿನಿಂದ, ಪರೀಕ್ಷೆ ಮುಗಿಯುವವರೆಗಾದರೂ ಬೇರೆಯವರು ತೆಗೆದುಕೊಳ್ಳಲಿ. ಗಂಡುಮಗನನ್ನು ಓದಿಗೆಂದು ಮಲಗಗೊಟ್ಟು, ಅವನಷ್ಟೇ ಓದಬೇಕಾದ ಅವನ ತಂಗಿಯನ್ನು ಕೊಡಕ್ಕೆಂದು ಎಬ್ಬಿಸುವ ಮನೆಗಳು ನಮ್ಮಲ್ಲಿ ಒಂದೆರಡಲ್ಲ.

ಶಾಲೆಯವರಾದ ನಮ್ಮ ಪಾಲೂ ಇದೆ. ಜನವರಿಯಿಂದ ಹತ್ತನೆಯವರಿಗೆ ಬೆಳಿಗ್ಗೆ ಆರೂವರೆಗೆ ಹೆಚ್ಚಿನ ತರಗತಿ ನಡೆಸುವ ಪದ್ಧತಿಯನ್ನು ಬಿಟ್ಟು, ಅದನ್ನು ಸಂಜೆಗೆ ಸರಿಸಬೇಕೆಂದು ನಾನು ಸಹೋದ್ಯೋಗಿಗಳ ಮುಂದೆ ಇಟ್ಟಿದ್ದೇನೆ. ಬೆಳಗಿನ ಹೊತ್ತು ಬುದ್ಧಿ ತಿಳಿಯಾಗಿರುತ್ತದೆಂದು ಕೆಲವರು ಹೇಳುತ್ತಾರೆ. ಮಲಗೆದ್ದ ಬುದ್ಧಿ ತಿಳಿಯಾಗಿರುತ್ತದೆ, ಮಲಗದೆ ಎದ್ದದ್ದಲ್ಲ ಎಂದು ನಾನು ಹೇಳುತ್ತೇನೆ. ಸಂಜೆ ದುಡಿಯುವ ಹುಡುಗರ ಗತಿಯೇನೆಂದು ಗಣಿತದ ಉಪಾಧ್ಯಾಯರು ಕೇಳಿದರು. ಅದು ನಿಜವಾದ ಪ್ರಶ್ನೆ; ಅವರಿಗೆ ಶನಿವಾರ ಮಧ್ಯಾಹ್ನವೇ ಅನುಕೂಲವಾದೀತೇ ಎಂದು ವಿಚಾರಿಸುತ್ತಿದ್ದೇವೆ. ಮಾತು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ತೀರ್ಮಾನಿಸಲು ನಮಗೆ ನಿಮ್ಮ ನೆರವು ಬೇಕು.

ಎಂಟರಿಂದ ಹತ್ತನೆಯವರೆಗಿನ ನೀವೆಲ್ಲರೂ ಎರಡು ವಾರ ಒಂದು ಚಿಕ್ಕ ಪುಸ್ತಕವನ್ನಿಡಿರಿ. ಪ್ರತಿದಿನ ಬೆಳಿಗ್ಗೆ ಐದು ಸಂಗತಿಗಳನ್ನು ಬರೆಯಿರಿ: ಮಲಗಿದ ಹೊತ್ತು, ಸುಮಾರಾಗಿ ನಿದ್ದೆ ಬಂದ ಹೊತ್ತು, ನಡುವೆ ಎಚ್ಚರವಾದದ್ದು ಎಷ್ಟು ಸಲ ಮತ್ತು ಏತರಿಂದ, ಎದ್ದ ಹೊತ್ತು, ಹಿಂದಿನ ದಿನ ಕೊನೆಯ ಚಹ ಕುಡಿದ ಹೊತ್ತು. ಪುಸ್ತಕದ ಮೇಲೆ ಹೆಸರು ಬೇಡ, ತರಗತಿಯನ್ನಷ್ಟೇ ಬರೆದರೆ ಸಾಕು. ಸುಳ್ಳು ಬರೆಯಬೇಡಿರಿ; ಎರಡರ ತನಕ ಓದಿದೆನೆಂದು ಬರೆದವರಿಗೆ ಇಲ್ಲಿ ಹೆಚ್ಚು ಗುಣಗಳು ದೊರೆಯುವುದಿಲ್ಲ. ಎರಡನೆಯ ವಾರದ ಶನಿವಾರ ವಾಚನಾಲಯದ ಮೇಜಿನ ಮೇಲಿರುವ ತಗಡಿನ ಡಬ್ಬಿಯಲ್ಲಿ ಹಾಕಿಹೋಗಿರಿ. ಡಬ್ಬಿಯ ಬೀಗದ ಕೈ ನನ್ನಲ್ಲಿಯೇ ಇರುತ್ತದೆ.